ತೂತು ಹೊಡೆದ ಡಿಸ್ಕ್

ಪರದೇಶದ ವಿಕ್ಸಮ್ ಎಂಬ ಊರಿನಲ್ಲಿ ದಾನದ ಸಾಮಾನು ಮಾರುವ ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಬಿಚ್ಚುವುದು ನನ್ನ ಕೆಲಸ. ನೀಲಗಂಗಾ ಆಂಟಿ ತೀರಿಹೋದ ಗಂಡನ ಕಂಪ್ಯೂಟರ್ ತಂದುಕೊಟ್ಟರು. ಮೇಲೆ ಆಯುಧಪೂಜೆಯ ಕುಂಕುಮ ಒಣಗಿತ್ತು.

“ಇದ್ರಾಗ ಅವ್ರು ಬರದಿಟ್ಟದ್ದು ಯಾರ ಕೈಗೂ ಸಿಗಬಾರ್ದು ನೋಡಪಾ,” ಎಂದರು.

“ಹಾರ್ಡ್ ಡಿಸ್ಕ್ ತೆಗೆದು ಡ್ರಿಲ್ ಹೊಡೀತೀನಿ ಆಂಟಿ, ತಲೆ ಕೆಡಿಸ್ಕೋಬೇಡಿ.”

ಹಾಗೇ ಮಾಡಿದೆ. ತೂತಿನ ಡಿಸ್ಕನ್ನು ಡ್ರಾಯರ್‌ಗೆ ಹಾಕಿ, ಖಾಲಿ ಪೆಟ್ಟಿಗೆಯ ಕುಂಕುಮ ಒರೆಸಿ ಅದನ್ನು ಶೆಲ್ಫಿನಲ್ಲಿಟ್ಟೆ. ಮರುದಿನ ಕುಂಕುಮ ಮತ್ತೆ ಇತ್ತು, ಹಸಿಯಾಗಿ. ವೈರೇ ಇಲ್ಲದ ಪೆಟ್ಟಿಗೆ ಬೆಚ್ಚಗಿತ್ತು. ಯಾವನ ಚೇಷ್ಟೆಯೋ ಎಂದು ಬೈಯುತ್ತ ಬಿಚ್ಚಿದೆ. ಒಳಗೆ ಡಿಸ್ಕ್ ಇತ್ತು, ಒಂದೂ ತೂತಿಲ್ಲದೆ. ಅದಕ್ಕೂ ಡ್ರಿಲ್ ಹೊಡೆದೆ.

ಮೂರನೆಯ ದಿನವೂ ಹಾಗೇ ಆಯಿತು. ಆಮೇಲೆ ದಿನಾ ಡ್ರಿಲ್ ಹೊಡೆಯುತ್ತ ಬೈಯುವುದನ್ನೂ ಬಿಟ್ಟೆ.

ಇವತ್ತು ಆಂಟಿ ಫೋನ್ ಮಾಡಿ, “ಎಲ್ಲಾ ಹೋತೇನಪಾ?” ಎಂದರು. “ಹೂಂ” ಎಂದೆ.

ನನ್ನ ಡ್ರಾಯರ್‌ನಲ್ಲಿ ತೂತುಬಿದ್ದ ಆರು ಡಿಸ್ಕ್‌ಗಳಿವೆ. ಆರರ ಸೀರಿಯಲ್ ನಂಬರೂ ಒಂದೇ.