ಸೌದೆ ಅನ್ನಿಸಿಕೊಂಡ ಸ್ಪೀಕರ್‌ಗಳು

"ಇದು ಸ್ಪೀಕರ್ ಅಲ್ಲ ಸ್ವಾಮಿ, ಸೌದೆ!"

ನೆರೇಯ್ದಾ ಹೀಗಂದಾಗ ಮನೆಯೊಡತಿ ದೋನ್ಯಾ ಉಬಾಲ್ದಿನಾ ಅವರ ಹಜಾರದಲ್ಲಿದ್ದ ಹನ್ನೊಂದು ಮಂದಿಯೂ ಗೊಳ್ಳೆಂದು ನಕ್ಕರು. ನಗದವನು ಒಬ್ಬನೇ... ಆ ಸ್ಪೀಕರ್‌ಗಳನ್ನು ಕೈಯಾರೆ ಮಾಡಿದ್ದ ಬಡಗಿ ಎಲಿಯೇಸರ್.

ಬರಾಂಕಿಯಾ ಊರಿನ ಬೀದಿ ಕುಣಿತಕ್ಕೆ ಆಳೆತ್ತರದ ಸ್ಪೀಕರ್ ಮಾಡುವ ಮನೆತನ ಅವನದು. ಮನೆಯೊಳಗಿನ ಸಿನಿಮಾಕ್ಕೆಂದು ಮಾಡಿದ ಮೊದಲ ಜೋಡಿ ಇದು. ಇವನ್ನೇ ಇಟ್ಟುಕೊಳ್ಳುವುದೋ, ಅಂಗಡಿಯದು ತರುವುದೋ ಎಂದು ಕೇಳಲು ದೋನ್ಯಾ ಸ್ಪೀಕರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನೆರೇಯ್ದಾಳನ್ನು ಕರೆಸಿದ್ದರು.

"ಮೈಕ್ ಇಟ್ಟು ಸದ್ದು ಅಳತೆ ಮಾಡಲ್ವಾ?" ಎಂದು ಅವನು ಮೆಲ್ಲಗೆ ಕೇಳಿದ್ದ.

"ನನ್ನ ಕಿವಿ ಸಾಕು ಬಿಡಿ!"

ಆದರೆ ಸಿನಿಮಾದಲ್ಲಿ ಗುಡುಗು ಬಂದಾಗ ಗುಡುಗೇ ಇರಲಿಲ್ಲ. ಏನೋ ಸೊರಗಿದ ಸದ್ದು. ಅದಕ್ಕೇ ಬಂದಿತ್ತು ಆ 'ಸೌದೆ' ಮಾತು.

ಎಲಿಯೇಸರ್ ಅವಳನ್ನೊಮ್ಮೆ ನೋಡಿದ. ಇಡೀ ಬೀದಿ ನೋಡುತ್ತಿರಲು ಎರಡೂ ಪೆಟ್ಟಿಗೆಗಳನ್ನು ಕತ್ತೆಗಾಡಿಗೆ ಹೇರಿಕೊಂಡು ಹೋದ. ಅಯ್ಯೋ, ಯಾಕೆ ಹಾಗೆ ನೋಡಿದ? ಅಂದುಕೊಂಡಳು ನೆರೇಯ್ದಾ.

ಮರುದಿನ ಅದೇ ಹಜಾರದಲ್ಲಿ ಅದೇ ತಂತಿಗಳಿಗೆ ಅಂಗಡಿಯ ಸ್ಪೀಕರ್ ಜೋಡಿಸಿ, ಸೋಫಾದ ಮೇಲೆ ಮೈಕ್ ಇಟ್ಟಳು. ಪರದೆಯ ಮೇಲೆ ಮೂಡಿತು: ಎಡ ಸ್ಪೀಕರ್‌ನ ತಂತಿ ಅದಲುಬದಲು!

ನೆರೇಯ್ದಾ ಬಗ್ಗಿ ತಂತಿ ನೋಡಿದಳು. ನಿನ್ನೆ ಆಂಪ್ಲಿಫೈಯರ್ ಹಿಂದೆ ಕೆಂಪು ತಂತಿಯನ್ನು ಕಪ್ಪು ತೂತಿಗೆ ಸಿಕ್ಕಿಸಿದವಳು ಅವಳೇ. ಒಂದು ಸ್ಪೀಕರ್ ಗಾಳಿ ತಳ್ಳುವಾಗ ಇನ್ನೊಂದು ಎಳೆದರೆ ಗುಡುಗು ಎಲ್ಲಿಂದ ಬರಬೇಕು?

ಯಾರೂ ನೋಡಲಿಲ್ಲ. ತಂತಿ ಸರಿಮಾಡಿದಳು. ಬಾಯಿ ಬಿಡಲಿಲ್ಲ.

ತಪ್ಪು ಯಾರಿಂದಾದರೂ ಆಗುತ್ತೆ... ಆದರೆ ಮುಚ್ಚಿಟ್ಟೆನಲ್ಲ, ಥೂ! ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ. ಐದನೇ ದಿನ ಬೆಳಿಗ್ಗೆ ಅವನ ಮರಗೆಲಸದ ಶೆಡ್ಡಿಗೆ ಓಡಿದಳು.

ಒಂದು ಪೆಟ್ಟಿಗೆ ಆಗಲೇ ಹಲಗೆ ಹಲಗೆಯಾಗಿ ಬಿದ್ದಿತ್ತು. ಇನ್ನೊಂದರ ಸಂದಿಗೆ ಅವನು ಉಳಿ ಇಟ್ಟಿದ್ದ.

"ನಿಲ್ಲಿಸಿ! ಏನ್ಮಾಡ್ತಿದ್ದೀರಿ?"

"ಸೌದೆ ಅಂದ್ರಲ್ಲ? ಇನ್ಮೇಲೆ ಬಾಗಿಲು ಕಿಟಕಿ ಮಾಡ್ಕೊಂಡಿರ್ತೀನಿ."

ಅವಳು ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಉಳಿ ಅವನ ಕೈಯಿಂದ ಜಾರಿತು.

"ಐದು ದಿನದಿಂದ ನನ್ನ ಕೈಗೇ ಶಾಪ ಹಾಕ್ತಿದ್ದೆ," ಎಂದ. "ಆವತ್ತು ನೀವು ಕಣ್ಣು ಮುಚ್ಚಿ ಕೇಳ್ತಿದ್ರಿ. ನನ್ನ ಕೆಲಸನ ಯಾರೂ ಹಾಗೆ ಕೇಳಿರಲಿಲ್ಲ. ಅದಕ್ಕೇ ನಂಬಿದೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. "ಕ್ಷಮಿಸಿ..."

"ನನಗೊಬ್ಬನಿಗೆ ಹೇಳಿದ್ರೆ ಸಾಲದು. ಎಲ್ಲಿ ಸೌದೆ ಅಂದ್ರೋ ಅಲ್ಲೇ ಹೇಳಿ."

ಭಾನುವಾರ ಅದೇ ಹಜಾರ, ಅದೇ ಹನ್ನೊಂದು ಮಂದಿ, ಕೈಯಲ್ಲಿ ಕೋಳಿಸಾರಿನ ಬಟ್ಟಲು. ಬಾಗಿಲಲ್ಲಿ ಎಲಿಯೇಸರ್. ನೆರೇಯ್ದಾ ಒಂದೂ ಬಿಡದೆ ಹೇಳಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ದೋನ್ಯಾ ಹಣೆ ಚಚ್ಚಿಕೊಂಡರು. ಎಲ್ಲರೂ ನಕ್ಕರು. "ಅಂಗಡಿಯವರು ಕೆಲಸದಿಂದ ತೆಗೀತಾರೆ, ಗೊತ್ತಾ ಮಗಳೇ?"

"ತೆಗೀಲಿ, ದೋನ್ಯಾ. ಇವರ ಕೆಲಸ ಚೆನ್ನಾಗಿತ್ತು. ಕೆಟ್ಟದ್ದು ನನ್ನದು."

ತಲೆ ತಗ್ಗಿಸಿ ಹೊರಬಂದಳು. ಹಿಂದೆಯೇ ಅವನ ಹೆಜ್ಜೆ.

"ಒಡೆದ ಪೆಟ್ಟಿಗೆ ಮತ್ತೆ ಮಾಡ್ಬೇಕು. ಜೊತೆಗೆ ಬರ್ತೀಯಾ?"

"ನನ್ನ ಕಿವೀನ ಇನ್ನೂ ನಂಬ್ತೀರಾ?"

"ಕಿವೀನ ಅಲ್ಲ." ಅವನು ನಕ್ಕ. "ನಿನ್ನನ್ನ ನಂಬ್ತೀನಿ. ಇಷ್ಟಪಟ್ಟೂ ಆಗಿದೆ, ಏನ್ಮಾಡ್ಲಿ?"

ಅವಳು ತಲೆ ಎತ್ತಲಿಲ್ಲ. "ನಾಚಿಕೆ ಆಗುತ್ತೆ... ಈ ಮುಖ ಎತ್ತಿ ನಿನ್ನ ಹೇಗೆ ನೋಡ್ಲಿ?"

"ಎತ್ತಬೇಡ. ನಾನೇ ಬಗ್ಗಿ ನೋಡ್ತೀನಿ."