ಮೊದಲ ತುತ್ತು

"ಬುತ್ತಿ ಗಂಟು ನನ್ನ ಹತ್ರ ಬಿಟ್ಟು ಹೋಗ್ರಿ ಮಾಸ್ತರ. ಒಳಗ ಕುಂತು ಉಣಬ್ಯಾಡ್ರಿ," ಎಂದ ವಾಡೆಯ ಕಾವಲುಗಾರ ಮಕ್ತುಮ್‌ಸಾಬ್.

ಜಂಬಣ್ಣ ಮಾಸ್ತರ ಜೋರಾಗಿ ನಕ್ಕುಬಿಟ್ಟ. ಜಹಗೀರು ರದ್ದಾಗಿ ಮೂರು ವರ್ಷವಾಗಿತ್ತು. ಬಿಲ್ಲಮರಡಿ ಸಂಸ್ಥಾನದ ದೊರೆಗಳು ಹೈದರಾಬಾದು ಸೇರಿದ್ದರು. ಅರಮನೆಯಂಥ ಅವರ ವಾಡೆಯನ್ನು ಈಗ ಯಾರು ಬೇಕಾದರೂ ನೋಡಬಹುದಿತ್ತು. ಮಸ್ಕಿಯ ಸಾಲೆಯಲ್ಲಿ ಕಲಿಸುತ್ತಿದ್ದ ಜಂಬಣ್ಣ ಏಳು ತಿಂಗಳ ಬಸುರಿ ಹೆಂಡತಿ ಕಲ್ಯಾಣಮ್ಮನನ್ನು ಕರೆದುಕೊಂಡು ಲಿಂಗಸುಗೂರಿನವರೆಗೆ ಮೋಟಾರಿನಲ್ಲಿ, ಮುಂದೆ ಬಂಡಿಯಲ್ಲಿ ಬಂದಿದ್ದ. ಅವನಪ್ಪ ಇದೇ ಬಾಗಿಲ ಮುಂದೆ ಬರಿಗಾಲಲ್ಲಿ, ಕೈಕಟ್ಟಿಕೊಂಡು ಬಿಸಿಲಿಗೆ ನಿಂತವನು. ಮಗನಿಗೆ ಚಪ್ಪಲಿ ಮೆಟ್ಟಿಕೊಂಡೇ ಹೊಸ್ತಿಲು ದಾಟುವ ಹಟ. ಹಟವೇನೋ ಸರಿಯೇ. ಆದರೆ ಓದಿದವರ ಹಟಕ್ಕೆ ಕಿವಿ ಇರುವುದಿಲ್ಲ ನೋಡಿ!

"ಯಾಕಪಾ, ದೊರಿಗಳ ದೆವ್ವಕ್ಕ ಹಸಿವಾಗ್ಯದೇನು?"

"ದೊರಿಗಳದ್ದಲ್ರಿ, ಗದ್ದೆಮ್ಮಂದು." ಮುದುಕ ದನಿ ಇಳಿಸಿದ. "ದೊರಿಗೆ ಯಾರರ ವಿಷ ಹಾಕ್ತಾರಂತ ಅಂಜಿಕಿ ಇತ್ರಿ. ಮೊದಲ ತುತ್ತು ತಿಂದು ನೋಡಾಕಿ ಗದ್ದೆಮ್ಮ. ಎರಡು ಸಲ ಓಡಿ ಹೋಗಿದ್ಲು, ಪಾಪ. ಮೂರನೇ ಸಲ ಓಡಬಾರದಂತ ಹೊಳಿ ಆಚಿಂದ ಮಾಟಗಾರನ್ನ ಕರೆಸಿ, ಅಕಿ ಕುಂದ್ರೋ ಕಲ್ಲಿನ ಬುಡಕ್ಕ ತಾಮ್ರದ ತಗಡು ಹೂಳಿಸಿದ್ರು. ಆ ಅಡಗಿಮನ್ಯಾಗ ಮೊದಲ ತುತ್ತು ತಿಂದವರು ಆ ಕಲ್ಲಿಗೇ ಕಟ್ಟು ಬೀಳ್ತಾರ್ರಿ. ಗದ್ದೆಮ್ಮ ಅಲ್ಲೇ ಸತ್ಲು. ಅಕಿ ಜಾಗ ಖಾಲಿ ಐತಿ."

"ಖಾಲಿ ಇದ್ರ ಸರಕಾರಕ್ಕ ಅರ್ಜಿ ಹಾಕು. ಯಾರನ್ನರ ನೇಮಿಸ್ತಾರ!"

"ಹಿರೇರು ಹೇಳಾಕತ್ತಾರ, ಬಿಟ್ಟು ಹೋಗೂಣ್ರಿ," ಎಂದಳು ಕಲ್ಯಾಣಮ್ಮ. ಜಂಬಣ್ಣ ಗಂಟನ್ನು ಹೆಗಲಿಗೇರಿಸಿ ಒಳಗೆ ನಡೆದ.

ದರಬಾರಿನಲ್ಲಿ ಬಾವಲಿ ಹಿಕ್ಕೆಯ ಗಬ್ಬು. ದೀಪದ ಗೊಂಚಲು ನೆಲಕ್ಕೆ ಬಿದ್ದು, ಗಾಜಿನ ಚೂರು ಚಪ್ಪಲಿಯ ಕೆಳಗೆ ಕರಕರ ಎನ್ನುತ್ತಿತ್ತು. ರಾಣೀವಾಸದ ಜಾಲರಿ ಕಿಟಕಿಗಳಿಂದ ಬಿಸಿಗಾಳಿ ನುಗ್ಗುತ್ತಿತ್ತು. ಹೊರಗೆ ನಡುಹಗಲಿನ ಕೆಂಡದಂಥ ಬಿಸಿಲು. ಕಲ್ಯಾಣಮ್ಮನ ಕಾಲು ಬಾತುಕೊಂಡಿದ್ದವು, ಹೊಟ್ಟೆ ಹಸಿದಿತ್ತು. ತಂಪಾದ ಜಾಗ ಸಿಕ್ಕಿದ್ದು ಒಂದೇ, ಹಿಂದಿನ ಅಡುಗೆಮನೆ. ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ಹಳೆಯ ಮಸಿ, ಕಮಟು ಎಣ್ಣೆಯ ವಾಸನೆ. ನಡುವೆ ನುಣ್ಣಗೆ ಸವೆದ ಒಂದು ಕರಿಕಲ್ಲು. ಕಲ್ಯಾಣಮ್ಮ ಉಸ್ಸೆಂದು ಅದರ ಮೇಲೆ ಕುಳಿತಳು.

ಜಂಬಣ್ಣ ಬುತ್ತಿ ಬಿಚ್ಚಿದ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನ ಅವ್ವ ಬದುಕಿದ್ದಷ್ಟು ದಿನ ಗಂಡಸರೆಲ್ಲ ಉಂಡೆದ್ದ ಮೇಲೆ ಬುಟ್ಟಿಯ ತಳದ ಚೂರು ತಿಂದವಳು. ಅದು ನೆನಪಾಯಿತು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಹೆಂಡತಿಯ ಬಾಯಿಗೆ ಹಿಡಿದ.

"ನಮ್ಮ ಮನ್ಯಾಗ ಇನ್ನ ಮ್ಯಾಲ ಮೊದಲ ತುತ್ತು ನಿಂದ."

"ಅಯ್ಯ, ನೀವು ಉಣ್ಣದ ನಾ ಹ್ಯಾಂಗ..." ಎನ್ನುತ್ತ ಅವಳು ನಾಚಿದಳು. ಯಾವ ಹೆಂಡತಿಗೆ ಹಿಗ್ಗಾಗದು? ಬಾಯಿ ತೆರೆದಳು.

ತುತ್ತು ಗಂಟಲಿಳಿಯಿತು.

ಒಲೆಯ ಕಡೆಯಿಂದ ಹೆಣ್ಣುದನಿಯೊಂದು ಕೇಳಿತು: "ಉಪ್ಪು ಸರಿ ಐತೇನು?"

ಕಲ್ಯಾಣಮ್ಮ, ವರ್ಷಗಟ್ಟಲೆ ಅದೇ ಕೆಲಸ ಮಾಡಿದವಳಂತೆ, ತಲೆಯಾಡಿಸಿದಳು.

ಜಂಬಣ್ಣ ತಿರುಗಿ ನೋಡಿದ. ಒಲೆಯಲ್ಲಿ ಬೂದಿ ಮಾತ್ರ. ಆದರೆ ಹಸಿಕಟ್ಟಿಗೆಯ ಹೊಗೆ ಮೂಗಿಗೆ ಹೊಡೆಯಿತು. ಬಾಗಿಲ ಬೆಳಕು ಸಣ್ಣಗಾಯಿತು. ಕತ್ತಲಲ್ಲಿ ತಟ್ಟೆಗಳು ಕಲ್ಲಿಗೆ ತಾಗುವ ಸದ್ದು. ಒಂದು. ಎರಡು. ಹತ್ತು. ಕಲ್ಯಾಣಮ್ಮನ ಕೈ ಬರಿನೆಲದಿಂದ ಏನನ್ನೋ ಎತ್ತಿ ಬಾಯಿಗಿಡುತ್ತಿತ್ತು. ಅಗಿಯುತ್ತಿದ್ದಳು. ನುಂಗುತ್ತಿದ್ದಳು. ತುಟಿ ನೀಲಿಗಟ್ಟುತ್ತಿತ್ತು.

"ಏಳು! ಕಲ್ಯಾಣಿ, ಏಳಬೇ!"

ರಟ್ಟೆ ಹಿಡಿದು ಎಳೆದ. ಕದಲಲಿಲ್ಲ. ಕಲ್ಲಿಗೆ ಕಲ್ಲಾಗಿ ಕುಳಿತಿದ್ದಳು. ಹೊಟ್ಟೆಯೊಳಗಿನ ಕೂಸು ಸೀರೆಯ ಮೇಲೆಯೇ ಕಾಣುವಂತೆ ಒದ್ದಾಡುತ್ತಿತ್ತು. ಅಯ್ಯೋ ಶಿವನೇ!

ಕೂಗು ಕೇಳಿ ಓಡಿಬಂದ ಮಕ್ತುಮ್‌ಸಾಬ್ ಹೊಸ್ತಿಲಲ್ಲೇ ನಿಂತ. "ಎಳೀಬ್ಯಾಡ್ರಿ! ಅಕಿ ಕೈಯಾಗಿನ ತುತ್ತು ಕಸಗೊಂಡು ನೀವು ತಿನ್ರಿ! ಲಗೂನ!"

ಜಂಬಣ್ಣ ಅವಳ ಬೆರಳು ಬಿಡಿಸಿದ. ಕಣ್ಣಿಗೇನೂ ಕಾಣಲಿಲ್ಲ. ಬಾಯಿಗಿಟ್ಟುಕೊಂಡ. ಕಹಿ! ನಾಲಿಗೆ ಸುಟ್ಟಿತು. ಕರುಳು ಸುಟ್ಟಿತು.

ಅವನ ಕಿವಿಯಲ್ಲೇ, ತಣ್ಣಗೆ: "ಉಪ್ಪು ಸರಿ ಐತೇನು?"

"ಸರಿ ಐತಿ!" ಎಂದು ಚೀರಿದ. "ಸರಿ ಐತಿ, ನನ್ನ ತಾಯಿ, ಅಕಿನ್ನ ಬಿಡು!"

ಕಲ್ಯಾಣಮ್ಮ ಅವನ ಮೇಲೆ ಕುಸಿದು ಬಿದ್ದಳು.

ಹೊರಗೆ ಬೇವಿನ ನೆರಳಿನಲ್ಲಿ ಅವಳಿಗೆ ನೀರು ಕುಡಿಸಹೋದ ಜಂಬಣ್ಣನ ಕೈಯನ್ನು ಮಕ್ತುಮ್‌ಸಾಬ್ ತಡೆದ. "ಮೊದಲು ನೀವು ಕುಡೀರಿ. ನೀವು ಕಲ್ಲಿನ ಮ್ಯಾಲ ಕುಂತಿರಲಿಲ್ಲ, ಅದಕ್ಕ ಕಟ್ಟು ಕಲ್ಲು ಬಿಟ್ಟು ನಿಮ್ಮ ಬೆನ್ನಿಗೆ ಬಂದದ. ಮನ್ಯಾಗ ಯಾರೂ ನಿಮಗಿಂತ ಮೊದಲು ಬಾಯಿಗೆ ಏನೂ ಇಡಬಾರದು. ಇಟ್ರ ಅದು ಅವರಿಗೆ ಹೋಗ್ತದ್ರಿ."

"ಹೋದ್ರ ನನಗ ಹ್ಯಾಂಗ ಗೊತ್ತಾಗ್ತದ?"

"ನಿಮ್ಮ ಬಾಯಾಗಿನ ಕಹಿ ಹೋಗ್ತದ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಂದಿನಿಂದ ಮಸ್ಕಿಯ ಆ ಮನೆಯಲ್ಲಿ ರೊಟ್ಟಿ ಹಂಚಿನಿಂದಿಳಿದರೆ ಮೊದಲ ಚೂರು ಜಂಬಣ್ಣನಿಗೆ. ಅನ್ನ, ಮಜ್ಜಿಗೆ, ಕೊಡದ ನೀರು, ಎಲ್ಲದರಲ್ಲೂ ಮೊದಲು ಅವನೇ. ಎಲ್ಲವೂ ಕಹಿ. ಅರ್ಧ ವಾಂತಿಯಾಗಿ ಹೋಗುತ್ತಿತ್ತು. ಎರಡೇ ತಿಂಗಳಲ್ಲಿ ಅಂಗಿಯೊಳಗೆ ಎಲುಬಷ್ಟೇ ಉಳಿದವು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು: "ಬಸುರಿ ಹೆಂಡ್ತಿಗೂ ಮೊದಲು ಉಣ್ಣಾಂವ, ಎಂಥಾ ಹೊಟ್ಟಿಬಾಕ ಮಾಸ್ತರವ್ವಾ!"

"ನನ್ನ ಸಲುವಾಗಿ ಸಾಯಾಕತ್ತೀರಿ," ಎಂದು ಕಲ್ಯಾಣಮ್ಮ ಅಳುತ್ತಿದ್ದಳು.

"ನೀವಿಬ್ರು ಉಳದ್ರ ಸಾಕು," ಎನ್ನುತ್ತಿದ್ದ. ಅದು ಬಾಯಿಮಾತಲ್ಲ. ಆ ಕಹಿಯನ್ನು ಅವನು ಪ್ರೀತಿಯಿಂದಲೇ ನುಂಗುತ್ತಿದ್ದ.

ಒಂದು ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣುಕೂಸು. ಗಂಡಸರು ಬಾಣಂತಿಯ ಕೋಣೆಗೆ ಹೋಗುವಂತಿರಲಿಲ್ಲ. ಪಡಸಾಲೆಯಲ್ಲಿ ಕುಳಿತು ಕೂಸಿನ ಅಳು ಕೇಳುತ್ತ ಜಂಬಣ್ಣ ಕಣ್ಣೊರೆಸಿಕೊಂಡ. ತಾಯಿ ಮಗಳು ಇಬ್ಬರೂ ಉಳಿದರು. ಇನ್ನೇನು ಬೇಕು?

ಸೂಲಗಿತ್ತಿ ಅಯ್ಯಮ್ಮ ಬಟ್ಟಲು ಹಿಡಿದು ನಗುತ್ತ ಬಂದಳು. "ಬೆಲ್ಲದ ನೀರು ಮಾಸ್ತರ. ಕೂಸಿನ ನಾಲಿಗಿಗೆ ಹಚ್ಚಿ ಬಂದೆ, ಚಪ್ಪರಿಸಿ ತಿಂತು ನೋಡ್ರಿ! ನೀವೂ ಬಾಯಿ ಸಿಹಿ ಮಾಡ್ಕೊಳ್ರಿ."

ಅವನು ಬೆರಳದ್ದಿ ನೆಕ್ಕಿದ.

ಮತ್ತೆ ಅದ್ದಿದ. ಮತ್ತೆ ನೆಕ್ಕಿದ. ಕಹಿಯಾಗಲಿ, ದೇವರೇ, ಕಹಿಯಾಗಲಿ. ಬಟ್ಟಲನ್ನೇ ಎತ್ತಿ ಗಟಗಟ ಕುಡಿದ.

ಬೆಲ್ಲ ಬೆಲ್ಲದಂತೆಯೇ ಇತ್ತು.