ತುದಿಯ ನೀಲಿ

"ಅಯ್ಯೋ, ಬೇಡ, ಬೇಡ, ಬೇಡ!"

ಚೂಟಿ ಚಾಕುವನ್ನು ಉಜ್ಜುವ ಮೆಷಿನ್ನಿನಿಂದ ಸರಕ್ಕನೆ ಹಿಂದಕ್ಕೆಳೆದಳು. ಆದರೆ ಬಣ್ಣ ಅವಳ ಮಾತು ಕೇಳಲಿಲ್ಲ. ಬೆಳ್ಳಗಿದ್ದ ಚಾಕುವಿನ ತುದಿ ಕಣ್ಣೆದುರಿಗೇ ಒಣಹುಲ್ಲಿನ ಹಳದಿಯಾಯಿತು, ಕಂದಾಯಿತು, ನೇರಳೆಯಾಯಿತು. ಕೊನೆಗೆ ಕಡು ನೀಲಿ.

ನೋಡಲು ಚೆಂದದ ಬಣ್ಣವೇ. ಚೂಟಿ ಮಾತ್ರ ತಡಬಡಿಸಿ ಮೆಷಿನ್ ಆರಿಸಿದಳು.

ಮನೆಯ ಹಿಂದಿನ ಈ ಶೆಡ್ಡಿನಲ್ಲಿ ಅಮ್ಮ ಚಾಕುಗಳಿಗೆ ಹಿಡಿ ಕೂರಿಸುತ್ತಾಳೆ. ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಡುವುದು ಕುಲುಮೆ ಮಾವನ ಕೆಲಸ. ಹದ ಬಿದ್ದ ಉಕ್ಕು ಮತ್ತೆ ಬಿಸಿಯಾಗಿ ನೀಲಿ ತಿರುಗಿದರೆ ಮೆತ್ತಗಾಗುತ್ತದೆ ಎಂಬುದು ಚೂಟಿಗೆ ಒಂದನೇ ಕ್ಲಾಸಿನಲ್ಲಿದ್ದಾಗಲೇ ಗೊತ್ತು. "ನೀಲಿ ಆದ್ಮೇಲೆ ಅದು ಚಾಕು ಅಲ್ಲ ಕಣೇ, ಬೆಣ್ಣೆ ಹಚ್ಚೋ ಚಮಚ" ಎಂದು ಮಾವ ನಗಿಸುತ್ತಿದ್ದ.

ಈಗ ನಗು ಬರಲಿಲ್ಲ. ಇದು ಮಾವನದೇ ಚಾಕು.

ಎಲ್ಲ ಶುರುವಾದದ್ದು ಕಿತ್ತಳೆ ಹಣ್ಣಿನಿಂದ. ನಿನ್ನೆ ಹಣ್ಣು ತಿಂದ ಕೈಯಲ್ಲೇ ಅವಳು ಚಾಕುವನ್ನು ಎತ್ತಿ ನೋಡಿದ್ದಳು. ಸ್ಟೀಲ್ ಲೋಟದ ಉಕ್ಕಾಗಿದ್ದರೆ ಏನೂ ಆಗುತ್ತಿರಲಿಲ್ಲ. ಮಾವನದು ಕಾರ್ಬನ್ ಉಕ್ಕು, ಹುಳಿ ತಾಗಿದರೆ ತಡೆಯುವುದಿಲ್ಲ. ಇವತ್ತು ಮಧ್ಯಾಹ್ನ ಅಮ್ಮ ಅಂಟು ತರಲು ಅಂಗಡಿಗೆ ಹೋದ ಮೇಲೆ ನೋಡಿದರೆ ತುದಿಯ ಹತ್ತಿರ ಕಂದು ಕಲೆ. ಬೆರಳಿನ ಗೆರೆಗೆರೆಯೂ ಕಾಣುತ್ತಿತ್ತು. ಯಾರ ಬೆರಳು ಅಂತ ಕೇಳುವ ಅಗತ್ಯವೇ ಇಲ್ಲ!

ನಾಲ್ಕು ಗಂಟೆಗೆ ಚಾಕು ಪಂದ್ಯಕ್ಕೆ ಎಲ್ಲರೂ ಬರುತ್ತಾರೆ. ಮೆಷಿನ್ನಿನಲ್ಲಿ ತಿರುಗುವ ಉಪ್ಪುಕಾಗದದ ಬೆಲ್ಟಿಗೆ ಒಂದೇ ಒಂದು ಸಲ ಮುಟ್ಟಿಸಿದರೆ ಕಲೆ ಹೋದೀತು ಅಂದುಕೊಂಡಳು.

ಶೆಡ್ಡಿನಲ್ಲಿ ಎರಡು ನಿಯಮಗಳಿದ್ದವು. ಒಬ್ಬಳೇ ಇದ್ದಾಗ ಮೆಷಿನ್ ಮುಟ್ಟಬಾರದು. ಮೆಷಿನ್ ಮುಂದೆ ಗ್ಲವ್ಸ್ ಹಾಕಬಾರದು. ಮೊದಲನೆಯದನ್ನು ಅವಳು ಬೇಕೆಂದೇ ಮುರಿದಳು. ಎರಡನೆಯದು ಅವಳಿಗೆ ಯಾವತ್ತೂ ಅರ್ಥವೇ ಆಗಿರಲಿಲ್ಲ. ಗ್ಲವ್ಸ್ ಹಾಕಿದರೆ ಸೇಫ್ ಅಲ್ಲವೇ? ಅಮ್ಮನ ದಪ್ಪ ಚರ್ಮದ ಗ್ಲವ್ಸ್ ಏರಿಸಿಕೊಂಡೇ ಸ್ವಿಚ್ ಒತ್ತಿದ್ದಳು. ಉಕ್ಕು ಕಾದು ಕೆಂಡವಾಗುತ್ತಿದ್ದರೂ ಅವಳ ಬೆರಳಿಗೆ ಸುದ್ದಿ ಮುಟ್ಟಲೇ ಇಲ್ಲ.

ಚೂಟಿ ನಯವಾದ ಉಪ್ಪುಕಾಗದ ಹುಡುಕಿ ತುದಿಯನ್ನು ಉಜ್ಜತೊಡಗಿದಳು. ನೀಲಿ ಸ್ವಲ್ಪ ಸ್ವಲ್ಪವೇ ಹೋಯಿತು. ಹತ್ತು ನಿಮಿಷದಲ್ಲಿ ಚಾಕು ಮೊದಲಿನಂತೆ ಫಳಫಳ. ಕಲೆಯೂ ಇಲ್ಲ, ಬಣ್ಣವೂ ಇಲ್ಲ.

ಒಳಗೆ ಮೆತ್ತಗಾದದ್ದು ಮಾತ್ರ ಮೆತ್ತಗೇ ಉಳಿಯಿತು.

ಹೊರಗೆ ಸ್ಕೂಟರ್ ನಿಂತ ಸದ್ದು. ಅಮ್ಮ ಒಳಗೆ ಬಂದವಳೇ, "ಯಾಕೆ ಮುಖ ಹಿಂಗೆ ಬಾಡಿದೆ? ಊಟ ಮಾಡ್ಲಿಲ್ವಾ?" ಎಂದಳು.

"ಮಾಡ್ದೆ."

ಅಮ್ಮ ಚಾಕು ಎತ್ತಿಕೊಂಡಳು. ಅಮ್ಮ ನೋಡಿದ್ದು ತುದಿಯನ್ನಲ್ಲ, ಹಿಡಿಯನ್ನು. ಮುರಿದ ಆರಾಮ ಕುರ್ಚಿಯ ತೋಳನ್ನು ಕೊಯ್ದು, ಮೂರು ಹಿತ್ತಾಳೆ ಮೊಳೆ ಹೊಡೆದು, ವಾರವೆಲ್ಲ ಕೆಲಸದಿಂದ ಬಂದ ಮೇಲೆ ಕೂತು ಮಾಡಿದ ಹಿಡಿ. "ಚೆನ್ನಾಗಿ ಬಂತಲ್ವಾ?" ಎಂದು ತನಗೆ ತಾನೇ ಹೇಳಿಕೊಂಡು ಕಣ್ಣುಜ್ಜಿಕೊಂಡಳು.

"ಅಮ್ಮಾ..."

"ಹೇಳು."

"ಏನಿಲ್ಲ."

ನಾಲ್ಕಕ್ಕೆ ಸರಿಯಾಗಿ ಹಲ್ಲಿನ ಡಾಕ್ಟರ್ ಆಂಟಿ, ಬಸ್ಸು ಓಡಿಸಿ ರಿಟೈರ್ ಆದ ಡ್ರೈವರ್ ತಾತ, ಕುಲುಮೆ ಮಾವ, ಮೂವರೂ ಬಂದರು. ತಿಂಗಳಿಗೊಮ್ಮೆ ಇವರೆಲ್ಲ ಸೇರಿ, ಯಾರ ಉಕ್ಕು ಗಟ್ಟಿ ಎಂದು ಹಗ್ಗ ಕತ್ತರಿಸಿ ನೋಡುತ್ತಾರೆ. ಬೆಂಚಿನ ಮೇಲೆ ಮರದ ದಿಮ್ಮಿ, ಹೆಬ್ಬೆರಳು ದಪ್ಪದ ಹಗ್ಗ. ಹತ್ತು ಸಲ ಹಗ್ಗ ಕೊಯ್ದ ಮೇಲೆ ಒಂದು ಸಲ ಕಾಗದ. ಕಾಗದ ಹರಿಯತೊಡಗಿತೋ, ಆ ಚಾಕು ಔಟ್.

"ನಂದು ಹೊಸಾ ಸ್ಟೇನ್‌ಲೆಸ್. ತೊಳೆದು ಹಾಗೇ ಇಟ್ರೂ ತುಕ್ಕಿಲ್ಲ" ಎಂದರು ಆಂಟಿ.

"ಬರೀ ಶೋಕಿ, ಡಾಕ್ಟ್ರಮ್ಮಾ. ನಂದು ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು. ಇಪ್ಪತ್ತು ವರ್ಷ ಭಾರ ಹೊತ್ತಿರೋ ಉಕ್ಕು!"

"ಹಾಗಾದ್ರೆ ಅದಕ್ಕೂ ಪೆನ್ಷನ್ ಕೊಡ್ಸಿ, ತಾತಾ."

ಎಲ್ಲರೂ ನಕ್ಕರು, ಮಾವನೊಬ್ಬನನ್ನು ಬಿಟ್ಟು. ಕಳೆದ ತಿಂಗಳು ಅವನ ಚಾಕುವಿನ ಅಲಗು ಬಿಸ್ಕತ್ತಿನಂತೆ ಚೂರಾಗಿತ್ತು. "ಇದೂ ಕೈಕೊಟ್ರೆ ಹದ ಕೊಡೋ ಕೆಲಸಾನೇ ಬಿಟ್ಟೆ. ಗೇಟು, ಗ್ರಿಲ್ಲು ಮಾಡ್ಕೊಂಡಿರ್ತೀನಿ" ಎಂದು ಅಮ್ಮನ ಹತ್ತಿರ ಹೇಳಿದ್ದನ್ನು ಚೂಟಿ ಕೇಳಿಸಿಕೊಂಡಿದ್ದಳು. ಮಾವ ತಮಾಷೆಗೆ ಹೇಳಿದಂತಿರಲಿಲ್ಲ.

"ಎಣಿಸೋಳು ಎಲ್ಲಿ?" ಎಂದರು ತಾತ. ಎಣಿಸುವುದು ಯಾವತ್ತೂ ಚೂಟಿಯ ಕೆಲಸ.

ಆಂಟಿಯ ಚಾಕು ಎಪ್ಪತ್ತಕ್ಕೆ ಔಟಾಯಿತು. ತಾತನದು ತೊಂಬತ್ತರವರೆಗೆ ಹೋಯಿತು. ತಾತ ಮೀಸೆ ತಿರುವಿದರು.

ಮಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಾಕು ಹಿಡಿದ. ಹಿಡಿಯ ಕಡೆಯಿಂದ ತುದಿಯವರೆಗೂ ಎಳೆದು ಕೊಯ್ಯತೊಡಗಿದ.

"ಒಂದು... ಎರಡು..." ಚೂಟಿ ಪಿಸುಗುಟ್ಟಿದಳು.

"ಜೋರಾಗಿ ಹೇಳೇ!" ಎಂದರು ತಾತ.

ಹತ್ತಕ್ಕೆ ಕಾಗದ ಸರ್ರನೆ ಎರಡಾಯಿತು. ಇಪ್ಪತ್ತಕ್ಕೂ. ಒಂದುವೇಳೆ ಏನೂ ಆಗದಿದ್ದರೆ? ಚೂಟಿ ಮುಷ್ಟಿ ಬಿಗಿಹಿಡಿದಳು. ಮೂವತ್ತು. ಕಾಗದದ ಮೇಲೆ ಅಲಗು ಸರ್ರನೆ ಹೊರಟು, ತುದಿಗೆ ಬರುವಾಗ ಚರಕ್ ಎಂದು ಸಿಕ್ಕಿಕೊಂಡಿತು.

ಮಾವ ಇನ್ನೊಮ್ಮೆ ಎಳೆದ. ಮತ್ತೆ ಚರಕ್.

ಯಾರೂ ತಮಾಷೆ ಮಾಡಲಿಲ್ಲ. ಚೂಟಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಮಾವ ಚಾಕುವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. "ತುದಿ ತೆಳ್ಳಗಿರತ್ತಲ್ಲ, ಬೇಗ ಕಾಯತ್ತೆ. ನಾನೇ ಒಲೆಯಲ್ಲಿ ಜಾಸ್ತಿ ಹೊತ್ತು ಬಿಟ್ಟಿರ್ತೀನಿ. ತಪ್ಪು ನಂದೇ." ಅಮ್ಮನ ಕಡೆ ತಿರುಗಿದ. "ಅಷ್ಟು ಚೆಂದದ ಹಿಡಿ ವೇಸ್ಟ್ ಮಾಡಿಸ್ಬಿಟ್ನಲ್ಲ, ಅಕ್ಕಾ."

"ಹೋಗ್ಲಿ ಬಿಡೋ," ಎಂದಳು ಅಮ್ಮ.

ಮಾವ ತನ್ನ ಚೀಲ ಎತ್ತಿಕೊಂಡ.

"ನಿಂದಲ್ಲ!" ಚೂಟಿಯ ಧ್ವನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು. "ಮಾವಾ, ತಪ್ಪು ನಿಂದಲ್ಲ. ನೀಲಿ ಆಗಿತ್ತು. ನಾನೇ ಮೆಷಿನ್‌ಗೆ ಹಿಡಿದೆ. ಆಮೇಲೆ ಉಜ್ಜಿ ಉಜ್ಜಿ ತೆಗೆದೆ."

ಮಾವ ಚೀಲ ಹಿಡಿದೇ ಅವಳತ್ತ ತಿರುಗಿದ.

"ಬೆರಳಿಗೆ ಬಿಸಿ ಗೊತ್ತಾಗ್ಲಿಲ್ವಾ?" ಮಾವ ಕೇಳಿದ.

"ಗ್ಲವ್ಸ್ ಹಾಕಿದ್ದೆ."

ಅಮ್ಮ ಎರಡೇ ಹೆಜ್ಜೆಯಲ್ಲಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಮೇಲೆ ಕೆಳಗೆ ತಿರುಗಿಸಿ ಒಂದೊಂದೇ ಬೆರಳು ನೋಡಿದಳು. "ಗ್ಲವ್ಸ್ ಬೆಲ್ಟಿಗೆ ಸಿಕ್ಕಿದ್ರೆ ಕೈಯನ್ನೇ ಒಳಗೆ ಎಳ್ಕೊಳ್ಳುತ್ತೆ ಕಣೇ," ಎಂದಳು. ಇನ್ನೇನೋ ಹೇಳಹೊರಟು ನಿಲ್ಲಿಸಿದಳು. ಹಿಡಿದ ಕೈ ಮಾತ್ರ ಬಿಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮಾವ ಚೀಲ ಕೆಳಗಿಟ್ಟ. "ಆ ಅರ ತಗೊಂಬಾ."

ಚೂಟಿ ಕಣ್ಣೊರೆಸಿಕೊಂಡು, ಉಕ್ಕನ್ನು ಉಜ್ಜುವ ಅರವನ್ನು ತಂದುಕೊಟ್ಟಳು. ಮಾವ ಅದನ್ನು ಅವಳ ಕೈಗೇ ವಾಪಸು ಕೊಟ್ಟ. "ಹಿಡಿಯ ಹತ್ತಿರದಿಂದ ಶುರು ಮಾಡು. ಚಾಕುವಿನ ಬೆನ್ನಿನ ಮೇಲೆ. ಮೆಲ್ಲಗೆ."

ಅರ ಗಾಜಿನ ಮೇಲೆ ಹೋದಂತೆ ಜಾರಿತು. ಗಟ್ಟಿ ಉಕ್ಕು ಅರಕ್ಕೆ ಸಿಗುವುದೇ ಇಲ್ಲ. ಇನ್ನಷ್ಟು ಮುಂದೆ. ಆಗಲೂ ಜಾರಿತು. ತುದಿಗೆ ಇನ್ನೆರಡು ಬೆರಳಗಲ ಇರುವಾಗ ಕರ್ರ್ ಎಂದು ಕಚ್ಚಿತು.

"ಇಲ್ಲಿಂದ," ಎಂದಳು ಚೂಟಿ.

"ಗೆರೆ ಎಳಿ."

ಅವಳು ಮಾರ್ಕರಿನಿಂದ ಗೆರೆ ಎಳೆದಳು. ಅವಳು ಹಾಳು ಮಾಡಿದ್ದು ಅಷ್ಟು.

ಮಾವ ಅರ ಇಸಿದುಕೊಂಡು ಗೆರೆಯ ಈಚೆಗೆ ತಾನೂ ಎಳೆದು ನೋಡಿದ. ಜಾರಿತು. ಮತ್ತೊಮ್ಮೆ ಎಳೆದ. ಮತ್ತೂ ಒಮ್ಮೆ. ಅಷ್ಟು ಸಲ ಬೇಕಿರಲಿಲ್ಲ. ಪ್ರತಿ ಸಲವೂ ಅವನ ಭುಜ ಇಷ್ಟಿಷ್ಟೇ ಸಡಿಲವಾಗುವುದನ್ನು ಚೂಟಿ ನೋಡಿದಳು. ಅವಳು ಬಾಯಿ ಬಿಡದಿದ್ದರೆ ಆ ಭುಜ ಹಾಗೇ ಬಗ್ಗಿಕೊಂಡು ಮನೆಗೆ ಹೋಗಿರುತ್ತಿತ್ತು.

"ಗೆರೆತನಕ ಉಜ್ಜಿ ತೆಗೆದ್ರೆ ಆಯ್ತು. ಗಿಡ್ಡ ಆಗತ್ತೆ," ಎಂದ ಮಾವ.

"ಗಿಡ್ಡ ಇದ್ರೇನೀಗ? ನಾನಿಲ್ವಾ?" ಎಂದರು ತಾತ. ಆಂಟಿ ಕಿಸಕ್ಕೆಂದರು.

"ನೀನು ಒಂದು ತಿಂಗಳು ಶೆಡ್ಡಿಗೆ ಕಾಲಿಡೋ ಹಾಗಿಲ್ಲ," ಅಮ್ಮ ಚೂಟಿಗೆ ಹೇಳಿದಳು. "ನಾಳೆಯಿಂದ."

"ನಾಳೆಯಿಂದಾನಾ?"

"ಇವತ್ತು ಕೆಲಸ ಇದೆ. ನೀರಿನ ಬಕೆಟ್ ತಾ."

ಅಮ್ಮ ಬರಿಗೈಯಲ್ಲಿ ಚಾಕು ಹಿಡಿದು ಮೆಷಿನ್ ಹಾಕಿದಳು. ಕಿಡಿಗಳು ಹಾರಿದವು. ಚೂಟಿ ದೂರದಲ್ಲಿ, ಬಕೆಟ್ಟಿನ ಪಕ್ಕ ನಿಂತಿದ್ದಳು. ಅಮ್ಮ ಮೆಷಿನ್ ನಿಲ್ಲಿಸಿ ಚಾಕುವನ್ನು ಅವಳ ಮುಂದೆ ಹಿಡಿದಳು. "ಗೆರೆಯ ಈಚೆ, ಬೆನ್ನಿನ ಮೇಲೆ ಬೆರಳಿಡು. ಬಿಸಿ ತಡೆಯೋಕೆ ಆಗ್ದೇ ಇದ್ದಾಗ ಹೇಳು."

ಚೂಟಿ ತೋರುಬೆರಳಿಟ್ಟಳು. ಮೊದಲು ತಣ್ಣಗಿತ್ತು. ಆಮೇಲೆ ಬೆಚ್ಚಗೆ, ತುದಿಯ ಕಡೆಯಿಂದ ಏನೋ ನಡೆದುಕೊಂಡು ಬರುತ್ತಿತ್ತು, ಅವಳ ಬೆರಳಿಗೆಂದೇ.

"ಈಗ," ಎಂದಳು ಚೂಟಿ.

ಅಮ್ಮ ಚಾಕುವನ್ನು ನೀರಿಗಿಳಿಸಿದಳು.